ಮಾಳಿಗೆ ಮುಟ್ಟದ ಹೊಗೆಕೊಳವೆ

ಹೊಗೆರಹಿತ ಒಲೆ ಯೋಜನೆಯ ಮಾನ್ಯ ಅಧಿಕಾರಿಗಳೇ,

ನೀವು ಕೊಟ್ಟ ಒಲೆಯ ಕೊಳವೆ ಮೂರು ಅಡಿ ಗಿಡ್ಡವಾಗಿದೆ. ಅದರ ಬಾಯಿ ನಮ್ಮ ಮಣ್ಣಿನ ಮಾಳಿಗೆಯ ಚಾವಣಿ ಕೆಳಗೆ, ಅಡುಗೆಮನೆಯೊಳಗೇ ತೆರೆದುಕೊಂಡಿದೆ. ಹೊಗೆಯನ್ನು ಆರು ಅಡಿ ಮೇಲಕ್ಕೆ ಹತ್ತಿಸಿ ಮತ್ತೆ ನಮ್ಮ ತಲೆಯ ಮೇಲೇ ಸುರಿಯುವ ಯಂತ್ರವನ್ನು ಕಂಡುಹಿಡಿದ ನಿಮ್ಮ ಕಚೇರಿಗೆ ಬಾಗಳಿ ಹತ್ತಿರದ ನಮ್ಮ ಊರಿನ ಹೆಂಗಸರ ನಮಸ್ಕಾರ. ಇದನ್ನು ಹೇಳಲು ಎರಡು ಸಲ ನಿಮ್ಮ ಬಾಗಿಲಿಗೆ ಬಂದೆ. ಎರಡು ಸಲವೂ ಬಾಯಿ ಬರದೆ ತಿರುಗಿ ಹೋದೆ. ಅದಕ್ಕೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮೊದಲು ನಮ್ಮದು ಮೂರು ಕಲ್ಲಿನ ಒಲೆ. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಉರಿಸುತ್ತಿದ್ದೆವು. ಒಮ್ಮೆ ಅಕ್ಕನ ಸೆರಗಿಗೆ ಕಿಡಿ ಹತ್ತಿ ಮೊಣಕೈವರೆಗೆ ಕೈ ಸುಟ್ಟಿತ್ತು. ಆ ಒಲೆ ಒಳ್ಳೆಯದಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಹೊಗೆ ಹೋಗಲೆಂದೇ ಮಾಳಿಗೆಯಲ್ಲಿ ಬಿಟ್ಟ ಗವಾಕ್ಷಿ ಇತ್ತು. ನಿಮ್ಮ ಸಿಬ್ಬಂದಿ ಅದನ್ನು ಕಲ್ಲು, ಮಣ್ಣು ಹಾಕಿಸಿ ಮುಚ್ಚಿಸಿದರು. "ಕೊಳವಿ ಬಂದ ಮ್ಯಾಲ ಗವಾಕ್ಷಿ ಯಾಕ ಬೇಕಬೇ? ಫೋಟೋದಾಗ ತೂತು ಕಾಣಬಾರ್ದು" ಎಂದರು. ಒಲೆ ಹಚ್ಚುವ ಮೊದಲೇ ಫೋಟೋ ತೆಗೆದುಕೊಂಡು ಹೋದರು. ಮರುವಾರ ಊರ ಮುಂದೆ "ಹೊಗೆಮುಕ್ತ ಗ್ರಾಮ" ಎಂಬ ತಗಡಿನ ಫಲಕ ನಿಂತಿತು.

ನನ್ನ ಅವ್ವ ಪಂಪಮ್ಮ ದಿನಕ್ಕೆ ಮೂವತ್ತು ರೊಟ್ಟಿ ಬಡಿಯುತ್ತಾಳೆ. ಈ ಚಳಿಗಾಲ ಅವಳ ಕೆಮ್ಮು ನಿಲ್ಲಲೇ ಇಲ್ಲ. ಹರಪನಹಳ್ಳಿಯ ಡಾಕ್ಟರು ಎಕ್ಸರೇ ನೋಡಿ, "ಎಷ್ಟು ವರ್ಷ ಆತಮ್ಮ ಬೀಡಿ ಸೇದಾಕ್ಹತ್ತಿ?" ಎಂದರು.

"ಬೀಡಿ ಅಲ್ರಿ ಯಪ್ಪಾ," ಎಂದಳು ಅವ್ವ, "ಸರ್ಕಾರದ ಒಲಿ."

ಡಾಕ್ಟರು ನಗಲಿಲ್ಲ. ಇನ್ನೊಂದು ವರ್ಷ ಈ ಹೊಗೆ ಕುಡಿದರೆ ಉಸಿರಾಡಲು ಸಿಲಿಂಡರು ಬೇಕಾಗುತ್ತದೆ ಎಂದರು. ಅಡುಗೆಗೇ ಸಿಗದ ಸಿಲಿಂಡರು ಉಸಿರಿಗೆ ಸಿಗುತ್ತದೆಯೇ, ಮಾನ್ಯರೇ? ಅಂದೇ ಗವಾಕ್ಷಿ ಒಡೆದು ತೆರೆದೆವು. ಅಷ್ಟರಿಂದ ಅವ್ವನ ಎದೆ ಉಳಿಯುವುದಿಲ್ಲ.

ಒಲೆಯದು ತಪ್ಪಿಲ್ಲ. ಪಕ್ಕದ ಮನೆಯ ಗಾಳೆಮ್ಮನ ಅಳಿಯ ಪಾಲಾಕ್ಷ ವೆಲ್ಡಿಂಗ್ ಕೆಲಸದವನು. ಅತ್ತೆಯ ಒಲೆಗೆ ಮೂರು ಅಡಿ ಕೊಳವೆ ಬೆಸೆದು ಮಾಳಿಗೆಯಿಂದ ಹೊರಗೆ ತೆಗೆದ. ಈಗ ಅವರ ಗೋಡೆ ಬೆಳ್ಳಗಿದೆ. ಮೊದಲಿನ ಅರ್ಧದಷ್ಟು ಬೆಂಡಿನಲ್ಲಿ ಅಡುಗೆ ಮುಗಿಯುತ್ತದೆ. ಮೊಮ್ಮಗಳು ಅಡುಗೆಮನೆಯಲ್ಲೇ ಕುಳಿತು ಓದುತ್ತಾಳೆ. ಅವನು ಕೊಳವೆ ಬೆಸೆಯಲು ನಮ್ಮ ಮನೆಗೆ ಬಂದಾಗ ನಿಮ್ಮ ಸಿಬ್ಬಂದಿ ತಡೆದರು: "ಯೋಜನೆ ಒಲಿ ಮುಟ್ಟಿದ್ರ ಕೇಸ್ ಹಾಕ್ತೀವಿ ನೋಡು." ಕೊಳವೆ ಕೇಳಿ ನಾನು ಕಳಿಸಿದ ಅರ್ಜಿಗೆ ನೀವು ಬರೆದ ಉತ್ತರ ಒಂದೇ ಸಾಲು: ಗ್ರಾಮವು ಹೊಗೆಮುಕ್ತವಾಗಿರುವುದರಿಂದ ಹೆಚ್ಚುವರಿ ಕೊಳವೆಯ ಅಗತ್ಯ ಕಂಡುಬರುವುದಿಲ್ಲ. ನಿಮಗೆ ಊರಿನಲ್ಲೇ ಕಾಣದ ಹೊಗೆ ಡಾಕ್ಟರಿಗೆ ಅವ್ವನ ಎದೆಯೊಳಗೆ ಕಂಡದ್ದು ಹೇಗೆ?

ಹದಿನೈದು ದಿನದೊಳಗೆ ಪ್ರತಿ ಒಲೆಗೂ ಉಳಿದ ಮೂರು ಅಡಿ ಕೊಳವೆ ಕೊಡಿ. ಇಲ್ಲವೇ ನೀವೇ ಬಂದು, ಹತ್ತು ರೊಟ್ಟಿ ಬೇಯುವವರೆಗೆ ಅವ್ವನ ಪಕ್ಕದಲ್ಲಿ ಕುಳಿತು ಹೋಗಿ. ಎರಡೂ ಆಗದಿದ್ದರೆ ನಿಮ್ಮ ಫಲಕವನ್ನು ನಾವೇ ಇಳಿಸುತ್ತೇವೆ. ಪಾಲಾಕ್ಷ ಅಳೆದು ನೋಡಿದ್ದಾನೆ. ಆ ತಗಡನ್ನು ಸುತ್ತಿದರೆ ಅವ್ವನ ಒಲೆಗೆ ಸರಿಯಾಗಿ ಮೂರು ಅಡಿಯ ಕೊಳವೆಯಾಗುತ್ತದೆ. ಕೇಸು ಹಾಕುವುದಿದ್ದರೆ ನನ್ನ ಹೆಸರಿಗೆ ಹಾಕಿ.

ಇಂತಿ,
ನಿಮ್ಮ ಕಡತದಲ್ಲಿ ಹೊಗೆಯೇ ಇಲ್ಲದ ಮನೆಯಿಂದ, ಕಣ್ಣೊರೆಸಿಕೊಳ್ಳುತ್ತಾ,
ದುರ್ಗಾದೇವಿ