ದೀಪ ನೋಡುವವರಿಗೆ, ಹೊಗೆಯ ವಿಷಯವಾಗಿ

ಮಾನ್ಯ ವಾಹನ ತಪಾಸಣಾಧಿಕಾರಿಗಳೇ,

ಹೊಗೆ ಶುದ್ಧ ಮಾಡುವ ಡಬ್ಬವನ್ನೇ ಕಿತ್ತುಹಾಕಿದ ಕಾರಿಗೆ ನೀವು ಪಾಸು ಕೊಟ್ಟಿದ್ದೀರಿ. ಡಬ್ಬ ಇಟ್ಟುಕೊಂಡಿರುವ ನನ್ನ ಕಾರನ್ನು ಎರಡು ಸಲ ಫೇಲು ಮಾಡಿದ್ದೀರಿ. ಬರುವ ಸೋಮವಾರದೊಳಗೆ ಪಾಸಾಗದಿದ್ದರೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ನನ್ನ ಒಂಬತ್ತು ವರ್ಷದ ಕೆಲಸ ಹೋಗುತ್ತದೆ. ಹೋಗುವುದಾದರೂ ಯಾರಿಗೆ? ಆ ಡಬ್ಬವಿಲ್ಲದ ಕಾರಿನವರಿಗೇ. ಅವರು ಬೇರೆ ಯಾರೂ ಅಲ್ಲ, ನನ್ನ ಷಡ್ಡಕರು, ಹೆಂಡತಿಯ ಅಕ್ಕನ ಗಂಡ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅದೂ ಪರೀಕ್ಷೆಗೆ ಮುಂಚೆ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ಈ ವಿಷಯವನ್ನು ಮಾತ್ರ ಮೆಕ್ಯಾನಿಕ್ ಹತ್ತಿರ ಕೂತು ಮೂರು ಸಲ ಕೇಳಿ ತಿಳಿದುಕೊಂಡಿದ್ದೇನೆ. ಎಂಜಿನ್ನಿನ ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬ ಅದರ ವಿಷ ಕಡಿಮೆ ಮಾಡುತ್ತದೆ. ಅದರ ಆಚೆ ಆಕ್ಸಿಜನ್ ಸೆನ್ಸರ್ ಕೂತು, ಡಬ್ಬ ಸೋತರೆ ಕಾರಿನ ಕಂಪ್ಯೂಟರಿಗೆ ಚಾಡಿ ಹೇಳುತ್ತದೆ. ನನ್ನ ಡಬ್ಬ ಸೋತಿದೆ. ಸೆನ್ಸರ್ ಹೇಳಿತು, ಮೀಟರಿನ ಪಕ್ಕ ಹಳದಿ ದೀಪ ಹತ್ತಿತು. ಹೊಸದಕ್ಕೆ ಬರೆಸಿದ್ದೇನೆ, ಬರಲು ಇನ್ನೂ ಐದು ವಾರ. ಅಲ್ಲಿಯವರೆಗೆ ಗಡುವು ಕೊಡಿ ಎಂದರೆ ನಿಯಮದಲ್ಲಿ ಇಲ್ಲವಂತೆ.

ನಮ್ಮ ಭಾವ ಏನು ಮಾಡಿದರು? ಎಂಜಿನ್ನಿಗೆ ಎಳೆತ ಜಾಸ್ತಿಯಾಗಲೆಂದು ಡಬ್ಬ ತೆಗೆಸಿ ಬರೀ ಕೊಳವೆ ಬೆಸೆಸಿದರು. ಈಗ ಕಾರು ಬೀದಿ ತುಂಬ ಗುರ್ ಎನ್ನುತ್ತದೆ. ಸೆನ್ಸರಿಗೆ ಹೆಬ್ಬೆರಳುದ್ದದ ಟೊಳ್ಳು ಬೋಲ್ಟು ಕೊಟ್ಟು, ಹೊಗೆ ಸರಿಯಾಗಿ ತಾಕದ ಹಾಗೆ ದೂರ ಕೂರಿಸಿದರು. ದೀಪ ಹತ್ತುವುದೇ ಇಲ್ಲ. ನಿಮ್ಮ ಸಿಬ್ಬಂದಿ ಬಾಗಿಲು ತೆಗೆದರು, ದೀಪ ನೋಡಿದರು, ಸೀಲು ಒತ್ತಿದರು. ಹೊಗೆ ಅಳೆಯುವ ಕಡ್ಡಿ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು, ಅದರ ಮೇಲೆ ಯಾರದೋ ಒದ್ದೆ ಟವೆಲ್ಲು. ಅಷ್ಟಕ್ಕಾದರೂ ಉಪಯೋಗಕ್ಕೆ ಬಂತಲ್ಲ!

ನನ್ನದು ಅಂಜುವ ಜೀವ. ಎರಡನೇ ಸಲ ಬರುವ ದಿನ ಬೆಳಿಗ್ಗೆ ಬ್ಯಾಟರಿಯ ತಂತಿ ಕಳಚಿ ಮತ್ತೆ ಹಾಕಿದೆ. ದೀಪ ಆರಿತು. ತಪ್ಪೇ, ಒಪ್ಪುತ್ತೇನೆ. ಆದರೆ ಹಾಗೆ ಮಾಡಿದರೆ ಕಂಪ್ಯೂಟರ್ ಎಲ್ಲ ಮರೆತುಬಿಡುತ್ತದೆ, ಒಂದಷ್ಟು ದೂರ ಓಡಿಸದೆ ಬಾಯಿ ಬಿಡುವುದಿಲ್ಲ ಎಂದು ನನಗೇನು ಗೊತ್ತು? ನಿಮ್ಮವರು ಕಾರಿನ ಕಂಪ್ಯೂಟರಿಗೆ ಯಂತ್ರ ಸಿಕ್ಕಿಸಿ ನೋಡಿ ನಕ್ಕರು. "ಏನ್ ಸ್ವಾಮಿ, ಗಾಡಿಗೆ ತಲೆ ತೊಳ್ದು ಕರ್ಕೊಂಡ್ ಬಂದಿದೀರಾ? ಒಳಗೆ ಏನೂ ನೆನಪೇ ಇಲ್ವಲ್ಲ!" ಸಾಲಿನಲ್ಲಿದ್ದವರೆಲ್ಲ ನಕ್ಕರು. ತಂತಿ ಕಳಚಿದ ನಾನು ಕಳ್ಳ. ಡಬ್ಬವನ್ನೇ ಕಳಚಿದವರು ದೊಡ್ಡ ಮನುಷ್ಯರು!

ಭಾನುವಾರ ಭಾವ ಮನೆಗೆ ಬಂದಿದ್ದರು. "ಏನಯ್ಯಾ, ಇನ್ನೂ ದೀಪ ಹಚ್ಕೊಂಡೇ ಓಡಾಡ್ತಿದೀಯಾ? ಒಂದು ಬೋಲ್ಟಿಗೆ ಹೆದರೋನು ಸ್ಟೇರಿಂಗ್ ಯಾಕೆ ಹಿಡೀಬೇಕು?" ನನ್ನ ಹೆಂಡತಿ ಲೋಟ ತೊಳೆಯುತ್ತಲೇ, "ನೀವೂ ಹಾಕಿಸ್ಕೊಳ್ರೀ. ಭಾವ ಹೇಳಿದ್ದು ಯಾವತ್ತು ತಪ್ಪಾಗಿದೆ?" ಎಂದಳು. ಮದುವೆಯಾದಾಗಿನಿಂದ ಇದೇ ಕೇಳುತ್ತಿದ್ದೇನೆ. ಅವರ ಮನೆ ಗೋಡೆಯಲ್ಲಿ ಬಿರುಕಿಲ್ಲ, ನನಗಿಂತ ಆರು ವರ್ಷ ದೊಡ್ಡವರಾದರೂ ತಲೆಯಲ್ಲಿ ಬಿಳಿಕೂದಲಿಲ್ಲ. ಹೌದು ಮಾನ್ಯರೇ, ಹೊಟ್ಟೆಕಿಚ್ಚೇ. ಹೊಟ್ಟೆಕಿಚ್ಚಿನವನು ಹೇಳಿದ ಮಾತ್ರಕ್ಕೆ ಅವರ ಹೊಗೆ ಶುದ್ಧವಾಗುತ್ತದೆಯೇ?

ನಿನ್ನೆ ಹಿಂದಿನ ಸೀಟಿನ ಪುಟ್ಟ ಹುಡುಗಿ ಕೇಳಿದಳು: "ಅಂಕಲ್, ಸೋಮವಾರದಿಂದ ಆ ಗುರ್ ಅನ್ನೋ ಕಾರಲ್ಲಿ ಹೋಗ್ತೀವಾ ನಾವು? ಸೂಪರ್!" ಒಂಬತ್ತು ವರ್ಷದಲ್ಲಿ ನನ್ನ ಕಾರನ್ನು ಯಾರೂ ಸೂಪರ್ ಎಂದಿರಲಿಲ್ಲ.

ನನ್ನ ಬೇಡಿಕೆ ಒಂದೇ. ಇಬ್ಬರ ಕಾರನ್ನೂ ಅಕ್ಕಪಕ್ಕ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿಸಿ, ಹಿಂದಿನ ಕೊಳವೆಗೇ ಕಡ್ಡಿ ಹಾಕಿ ಅಳೆಯಿರಿ. ನನ್ನದೇ ಮೊದಲು. ನಾನು ಫೇಲಾಗಬಹುದು, ಆ ಭಯ ಇದ್ದೇ ಇದೆ. ಇಬ್ಬರೂ ಫೇಲಾದರೆ ಮೂರನೆಯವರು ಯಾರಾದರೂ ಮಕ್ಕಳನ್ನು ಕರೆದುಕೊಂಡು ಹೋಗಲಿ. ಬಾಯಿ ಮುಚ್ಚಿಕೊಂಡು ಬೀಗದ ಕೈ ಕೆಳಗಿಡುತ್ತೇನೆ. ನಮ್ಮ ಭಾವನಿಗೆ ಮಾತ್ರ ಬೇಡ.

ಇಂತಿ,
ಸದ್ಯಕ್ಕೆ, ಅಂದರೆ ಸೋಮವಾರದವರೆಗೆ,
ಶಾಲೆಮಕ್ಕಳ ಕಾರಿನ ಚಾಲಕ