ಸೋಮವಾರ ಹೊಲಿದ ಕಪ್ಪು ಪಟ್ಟಿ

ಅಕ್ಕನಿಗೆ ನಮಸ್ಕಾರ. ಇಲ್ಲಿ ಮೂರು ದಿನದಿಂದ ಫೋನು, ನೆಟ್ಟು ಎರಡೂ ಬಂದ್. ಊರಿಗೆ ಹೊರಟಿರುವ ಚಿಕ್ಕಜಾಜೂರಿನ ನರ್ಸ್ ಅನುಸೂಯಕ್ಕ ಈ ಕಾರ್ಡನ್ನು ಬೆಂಗಳೂರಿನಲ್ಲಿ ಡಬ್ಬಿಗೆ ಹಾಕುತ್ತಾರೆ.

ಈ ದೇಶದ ಅಧ್ಯಕ್ಷರನ್ನು ಬುಧವಾರ ಗುಂಡಿಕ್ಕಿ ಕೊಂದದ್ದನ್ನು ನೀನೂ ಟೀವಿಯಲ್ಲಿ ನೋಡಿರುತ್ತೀಯ. ಎರಡೇ ಗಂಟೆಯಲ್ಲಿ ಉಪಾಧ್ಯಕ್ಷರು ಪ್ರಮಾಣವಚನ ಸ್ವೀಕರಿಸಿ ಅಧ್ಯಕ್ಷರಾದರು. ಅವರು ಹಾಕಿಕೊಂಡಿದ್ದ ಬೂದು ಕೋಟು ನಾನು ಹೊಲಿದದ್ದು. ಇಲ್ಲಿ ಸಾವಾದರೆ ಎಡತೋಳಿಗೆ ಕಪ್ಪು ಪಟ್ಟಿ ಹಾಕುತ್ತಾರೆ. ಆ ಕೋಟಿನ ತೋಳಿಗಿದ್ದ ಪಟ್ಟಿಯನ್ನು ಉಪಾಧ್ಯಕ್ಷರ ಕಡೆಯವನೊಬ್ಬ ಸೋಮವಾರವೇ ನನ್ನ ಮುಂದೆ ನಿಂತು ಹೊಲಿಸಿಕೊಂಡು ಹೋಗಿದ್ದ. ಯಾರು ತೀರಿಕೊಂಡರು ಎಂದು ಕೇಳಿದ್ದಕ್ಕೆ, ಬೇಗ ಹೊಲಿ ಅಂದಿದ್ದ.

ಇದನ್ನು ನಮ್ಮ ಅಂಗಡಿಯ ಯಜಮಾನ, ಹಿರಿಯೂರಿನ ಶ್ರೀನಿವಾಸಣ್ಣನಿಗೆ ಹೇಳಿದೆ. ಅವನು ಬಾಗಿಲು ಹಾಕಿ ಆರ್ಡರ್ ಚೀಟಿ ಹರಿದುಹಾಕಿದ. "ಲೇ ಮುದ್ದ, ನೀನೇನೂ ಹೊಲ್ದಿಲ್ಲ, ನಾನೇನೂ ಕೇಳಿಲ್ಲ. ಯಾರತ್ರನೂ ಬಾಯಿ ಬಿಡಬ್ಯಾಡ," ಅಂದ. ನನ್ನ ಒಳ್ಳೆಯದಕ್ಕೇ ಹೇಳಿದ ಅಂದುಕೊಂಡೆ. ಆದರೆ ಇವತ್ತು ಬೆಳಿಗ್ಗೆ, ಪಟ್ಟಿ ಹೊಲಿಸಿಕೊಂಡು ಹೋದ ಮನುಷ್ಯನೇ ಇನ್ನಿಬ್ಬರನ್ನು ಕರೆದುಕೊಂಡು ಬಂದು, ಆವತ್ತಿನ ಟೈಲರ್ ಎಲ್ಲಿ ಎಂದು ಕೇಳಿದ. ನಾನು ಒಳಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದೆ. ಶ್ರೀನಿವಾಸಣ್ಣ ತಲೆ ಎತ್ತದೆ ಒಳಗಡೆಗೆ ಕೈ ತೋರಿಸಿದ್ದು ಪರದೆಯ ಸಂದಿಯಿಂದ ಕಂಡಿತು. ಹಿಂಬಾಗಿಲಿನಿಂದ ಹೊರಬಿದ್ದೆ.

ಈಗ ಅನುಸೂಯಕ್ಕನ ರೂಮಿನಲ್ಲಿದ್ದೇನೆ. ಹೋದ ವಾರ ಬಂದಿದ್ದ ಜ್ವರ ಬಿಟ್ಟಿದೆ, ಪಾಸ್‌ಪೋರ್ಟ್ ಜೇಬಿನಲ್ಲೇ ಇದೆ. ನಾಳೆ ಬಸ್ಸಿನಲ್ಲಿ ಗಡಿ ದಾಟುತ್ತೇನೆ. ಇಲ್ಲಿ ಫೋನು ಸರಿಯಾದ ಮೇಲೆ ನಮ್ಮೂರು ತಾಳ್ಯಕ್ಕೆ ಫೋನ್ ಮಾಡಿ ಯಾರು ನನ್ನನ್ನು ಕೇಳಿದರೂ, ಶ್ರೀನಿವಾಸಣ್ಣನೇ ಅತ್ತುಕೊಂಡು ಕೇಳಿದರೂ, ಗೊತ್ತಿಲ್ಲ ಅನ್ನು.

ನಿನ್ನ ತಮ್ಮ
ಮುದ್ದಪ್ಪ