ಬೀಗದ ವಾರ

ಮಾರ್ಚ್ 3

ಇವತ್ತೂ ಫಿಸಿಯೋಥೆರಪಿ. ಆಸ್ಪತ್ರೆಯ ಲಿಫ್ಟಿನಲ್ಲಿ ಹಿಂದೆ ರೆಕಾರ್ಡ್ ಮಾಡಿಕೊಟ್ಟ ನನ್ನದೇ ದನಿ — ಎರಡನೇ ಮಹಡಿ, ಬಾಗಿಲು ತೆರೆಯುತ್ತಿದೆ. ಒಂದು ಕಾಲಕ್ಕೆ ನನ್ನ ಸುದ್ದಿ ಮುಗಿಯುವವರೆಗೆ ಈ ಊರಲ್ಲಿ ಯಾರೂ ಮನೆ ಬಿಟ್ಟು ಹೊರಡುತ್ತಿರಲಿಲ್ಲ. ಈಗ ಬಾಗಿಲು ತೆರೆಯುವ ಸುದ್ದಿ ಓದುತ್ತೇನೆ. ಪಕ್ಕದಲ್ಲಿ ನಿಂತಿದ್ದ ಮುದುಕರು, ಈ ಹೆಂಗಸಿಗೆ ಏನು ನಿದ್ದೆಯೋ ಅಂದರು. ಮಂಡಿ ನೋವು ಇದ್ದ ಹಾಗೇ ಇದೆ.

ಮನೆಗೆ ಬಂದರೆ ತಂಗಿಯ ಫೋನ್. ಅವಳು ಈಗ ನಡೆಸುತ್ತಿರುವ ನಮ್ಮ ರೇಡಿಯೋ ಸ್ಟೇಷನ್ನಿಗೆ ಮೂವತ್ತು ವರ್ಷ ತುಂಬುತ್ತಿದೆಯಂತೆ. ಹಳಬರ ನೆನಪುಗಳನ್ನು ರೆಕಾರ್ಡ್ ಮಾಡಬೇಕಂತೆ. ಹಳಬರು ಅಂದರೆ ಉಳಿದಿರುವುದು ಮೂವರು — ಸುದ್ದಿ ಓದುತ್ತಿದ್ದ ನಾನು, ಬೆಳಗಿನ ಕಾರ್ಯಕ್ರಮದ ಗುಡುಗು, ಹಾಡು ಹಾಕುತ್ತಿದ್ದ ಡಿಸ್ಕ್. ಗುಡುಗು ಬಂದರೆ ನಾನು ಬರುವುದಿಲ್ಲ ಅಂದೆ. ಅವನೂ ನನ್ನ ವಿಷಯದಲ್ಲಿ ಅದನ್ನೇ ಅಂದನಂತೆ. ಇಬ್ಬರೂ ಗುರುವಾರ ಬನ್ನಿ ಅಂತ ಹೇಳಿ ಇಟ್ಟುಬಿಟ್ಟಳು.

ಮಾರ್ಚ್ 6, ರಾತ್ರಿ ಊಟಕ್ಕೆ ಮುಂಚೆ

ತಲೆ ಚಿಟ್ಟು ಹಿಡಿದಿದೆ.

ಸ್ಟುಡಿಯೋ ಬದಲಾಗಿದೆ. ನಾವಿದ್ದಾಗ ಗೋಡೆಗೆಲ್ಲ ಹಳೆ ಕಂಬಳಿ ಹೊಡೆದಿದ್ದೆವು, ಈಗ ಸ್ಪಂಜು. ಮೇಜು ಮಾತ್ರ ಅದೇ. ತಂಗಿ ಮೈಕು ಆನ್ ಮಾಡಿದ್ದೇ ತಡ, ಗುಡುಗು ಶುರುಮಾಡಿದ. ಬೀಗದ ವಾರ. ಇನ್ನೇನು ಹೇಳುತ್ತಾನೆ? ಅವನ ಪ್ರಕಾರ ಅಷ್ಟೂ ದಿನ ಓದಿದವನು ಅವನೇ, ಕೆಳಗೆ ಬೀದಿಯಲ್ಲಿ ಸಾವಿರ ಜನ ಕಾವಲು ನಿಂತಿದ್ದರು. ಡಿಸ್ಕಿಗೆ ಈಗ ಕಿವಿ ಅಷ್ಟಕ್ಕಷ್ಟೆ. ಹೌದು ಹೌದು ಅಂತ ಎಲ್ಲದಕ್ಕೂ ತಲೆಯಾಡಿಸಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವನು.

ಆದದ್ದು ಇಷ್ಟು. ಟ್ಯಾಂಕಿನ ನೀರು ಕೆಟ್ಟಿತ್ತು. ಮಕ್ಕಳು ವಾಂತಿಭೇದಿಯಾಗಿ ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದವು. ನೀರು ಚೆನ್ನಾಗಿದೆ ಅಂತ ಓದಿ ಎಂದು ನಗರಸಭೆಯಿಂದ ಚೀಟಿ ಬಂತು. ಓದಲಿಲ್ಲ. ಯಾವ ಯಾವ ಬೀದಿಯ ನಲ್ಲಿ ನೀರು ಕುಡಿಯಬಾರದು ಅಂತ ಓದಿದೆ. ಮಧ್ಯಾಹ್ನದ ಹೊತ್ತಿಗೆ ಲೈಸೆನ್ಸು ಅಮಾನತು, ಬಾಗಿಲಿಗೆ ಬೀಗ. ಡಿಸ್ಕ್ ಹಿಂದಿನ ಕಿಟಕಿಯಿಂದ ಟ್ರಾನ್ಸ್‌ಮಿಟರ್ ಇಳಿಸಿ ಭುಜದ ಮೇಲೆ ಹೊತ್ತು ತಂದ. ದರ್ಜಿಯ ಅಂಗಡಿಯ ಮೇಲಿನ ಕೋಣೆಯಿಂದ ಪ್ರಸಾರ. ಬೀಗ ತೆಗೆಯುವವರೆಗೆ ದಿನಾ ಬೆಳಿಗ್ಗೆ ಬೀದಿಗಳ ಹೆಸರು ಓದಿದವಳು ನಾನು. ಗುಡುಗು ಕೆಳಗೆ ಗಿರಾಕಿಯ ವೇಷದಲ್ಲಿ ಕೂತಿದ್ದ. ಅಷ್ಟೂ ದಿನ ಒಂದೇ ಪ್ಯಾಂಟಿಗೆ ಅಳತೆ ಕೊಟ್ಟ. ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಆ ಪ್ರಸಾರ ಯಾವ ಕಾಗದದಲ್ಲೂ ಇಲ್ಲ.

ನಾನು ಇದನ್ನು ಹೇಳಿದರೆ ಗುಡುಗು, "ಸುದ್ದಿಯಮ್ಮನಿಗೆ ವಯಸ್ಸಾಯ್ತು" ಅಂದ. ಜಗಳ. ಅದು ವಾರವೋ ಎರಡು ವಾರವೋ ಅನ್ನುವುದಕ್ಕೂ ಜಗಳ.

ತಂಗಿ ಎಲ್ಲ ಕೇಳಿಸಿಕೊಂಡು ಮೈಕು ಆಫ್ ಮಾಡಿದಳು. ಇದ್ಯಾವುದನ್ನೂ ಹಾಕುವುದಿಲ್ಲ ಅಂದಳು. ಲೈಸೆನ್ಸು ರಿನ್ಯೂ ಆಗಬೇಕಿದೆ. ಹೊಸ ನಿಯಮ — ಎಂದಾದರೂ ಲೈಸೆನ್ಸಿಲ್ಲದೆ ಪ್ರಸಾರ ಮಾಡಿದ ಸ್ಟೇಷನ್ನಿಗೆ ರಿನ್ಯೂವಲ್ ಇಲ್ಲ. ಬುಧವಾರ ವಿಚಾರಣೆ. ಸ್ಟೇಷನ್ ಮಾಡಿದ ಸೇವೆಯ ಬಗ್ಗೆ ಹಳಬರೊಬ್ಬರು ಬಂದು ಹೇಳಬೇಕು. ಗುಡುಗು ಕಾಲರ್ ಸರಿಮಾಡಿಕೊಂಡ. ತಂಗಿ ನನ್ನ ಕಡೆ ನೋಡಿ, "ಅಕ್ಕ, ನೀನು ಬಾ. ನೀನು ಅಳೆದು ತೂಗಿ ಮಾತಾಡ್ತೀಯ" ಅಂದಳು. ಗುಡುಗಿನ ಮುಖ ಇಂಗು ತಿಂದ ಮಂಗನ ಹಾಗಾಯಿತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮಾರ್ಚ್ 10

ವಕೀಲರ ಆಫೀಸು. ಚಿಕ್ಕ ವಯಸ್ಸಿನವರು, ಏನು ಕೇಳಿದರೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ. ಒಂದು ಮಾತು ಮಾತ್ರ ನೇರವಾಗಿ ಹೇಳಿದರು. ವಿಚಾರಣಾಧಿಕಾರಿಗೆ ಒಂದು ಅಭ್ಯಾಸವಂತೆ. ಪ್ರಶ್ನೆ ಕೇಳುತ್ತಾರೆ, ಉತ್ತರ ಬರೆದುಕೊಳ್ಳುತ್ತಾರೆ, ಆಮೇಲೆ ಮಾತಿಲ್ಲದೆ ಕೂತಿರುತ್ತಾರೆ. ಎದುರಿಗಿದ್ದವರು ತಡೆಯಲಾರದೆ ಇನ್ನಷ್ಟು ಹೇಳುತ್ತಾರೆ. ಅಲ್ಲೇ ಸಿಕ್ಕಿಬೀಳುತ್ತಾರೆ.

ರೇಡಿಯೋದವರಿಗೆ ಇದು ಬಲು ಕಷ್ಟ. ನಮ್ಮಲ್ಲಿ ಮೌನಕ್ಕೆ ಡೆಡ್ ಏರ್ ಅನ್ನುತ್ತಾರೆ. ಅಂದರೆ ಹೆಣ. ಎರಡು ಉಸಿರಿನಷ್ಟು ಸುಮ್ಮನಾದರೆ ಮೈಯೆಲ್ಲ ಬೆವರು, ಏನಾದರೂ ಹೇಳಿ ತುಂಬಲೇಬೇಕು. ಗುಡುಗು ಹೋಗಿದ್ದರೆ ಮುಗಿದಿತ್ತು ಕಥೆ, ಅಧಿಕಾರಿ ಪೆನ್ನು ಕೆಳಗಿಡುವ ಮೊದಲೇ ಇಡೀ ಪುರಾಣ ಬಿಚ್ಚುತ್ತಿದ್ದ. ನಾನು ಹಾಗಲ್ಲ. ತಂಗಿಗೆ ಧೈರ್ಯ ಹೇಳಿ ಬಂದೆ.

ಮಾರ್ಚ್ 12, ಬೆಳಿಗ್ಗೆ

ಹೊರಟಿದ್ದೇನೆ. ಗುಡುಗೂ ಬರುತ್ತಾನಂತೆ, ಬೇಡ ಅಂದರೂ. ಬಾಯಿಗೆ ಹಾಕಿಕೊಳ್ಳಲು ಕೆಮ್ಮಿನ ಮಾತ್ರೆ ತೆಗೆದುಕೊಂಡಿದ್ದೇನೆ. ನನಗಲ್ಲ, ಅವನಿಗೆ.

ಮಾರ್ಚ್ 12, ಸಂಜೆ

ನಾನೇ. ನಾನೇ ಹಾಳುಮಾಡಿದೆ.

ಚೆನ್ನಾಗಿಯೇ ನಡೆದಿತ್ತು. ಬಸ್ಸಿನ ವೇಳೆ, ಪರೀಕ್ಷೆ ಕಾಲದ ಪಾಠ, ಕಳೆದುಹೋದ ಮಕ್ಕಳ ಪ್ರಕಟಣೆ — ಎಲ್ಲ ಹೇಳಿದೆ. ಅಧಿಕಾರಿಗೆ ನಲವತ್ತರ ಆಸುಪಾಸು, ಮೆತ್ತಗಿನ ಮನುಷ್ಯ. ಇಷ್ಟು ವರ್ಷಗಳಲ್ಲಿ ಪ್ರಸಾರ ಯಾವತ್ತಾದರೂ ನಿಂತಿತ್ತೇ ಎಂದು ಕೇಳಿದರು.

"ಇಲ್ಲ ಸರ್."

ಬರೆದುಕೊಂಡರು. ಸುಮ್ಮನೆ ಕೂತರು. ಫ್ಯಾನಿನ ಸದ್ದು. ನನ್ನ ಮೈಮೇಲೆ ಆ ಹಳೇ ಬೆವರು.

"ಒಂದು ದಿನವೂ ಇಲ್ಲ."

ತಲೆ ಎತ್ತಲಿಲ್ಲ. ಪೆನ್ನು ಅಲುಗಲಿಲ್ಲ. ಹಿಂದಿನ ಕುರ್ಚಿಯಲ್ಲಿ ಗುಡುಗು ಮಾತ್ರೆ ಚೀಪುತ್ತ ಬಾಯಿ ಮುಚ್ಚಿಕೊಂಡು ಕೂತಿದ್ದ, ಪುಣ್ಯಾತ್ಮ.

"ಬೀಗ ಹಾಕಿದಾಗಲೂ ಇಲ್ಲ."

ಹೆಮ್ಮೆಯಿಂದ ಹೇಳಿದೆ. ಹೇಳಿದ ಮೇಲೆ ಗೊತ್ತಾಯಿತು. ಅಧಿಕಾರಿ ಮೆಲ್ಲಗೆ, ಯಾವ ಬೀಗ ಅಂದರು. ವಕೀಲರು ಎದ್ದು ನಿಂತರು, ಸಮಯ ಕೇಳಿದರು, ಏನೇನೋ ಹೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಬಾಯಿಬಿಟ್ಟಿದ್ದು ರೆಕಾರ್ಡಿಗೆ ಹೋಯಿತು.

ತಂಗಿ ನನ್ನನ್ನು ಮನೆಯವರೆಗೆ ಬಿಟ್ಟು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 13

ಬರೆಯಲು ಮನಸ್ಸಿಲ್ಲ.

ಮಾರ್ಚ್ 17

ನಸುಕಿನಲ್ಲಿ ಸ್ಟೇಷನ್ನಿಗೆ ಹೋದೆ. ತಂಗಿಯ ಕ್ಷಮೆ ಕೇಳೋಣ ಅಂತ. ಕೇಳಿಸಿಕೊಳ್ಳಲು ಅವಳಿಗೆ ಪುರುಸೊತ್ತೇ ಇರಲಿಲ್ಲ.

ಅವಳು ಫೋನಿನಲ್ಲಿದ್ದಳು. ಲೈನ್‌ಮನ್‌ಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಇವತ್ತು ಯಾವ ಕಡೆ ಕರೆಂಟು ಎಷ್ಟು ಹೊತ್ತಿಗೆ ತೆಗೆಯುತ್ತೀರಿ ಅಂತ ಕೇಳುತ್ತಾಳೆ. ಆಫೀಸಿನವರು ಹೇಳುವುದಿಲ್ಲ, ಇವರು ಹೇಳುತ್ತಾರೆ. ಒಬ್ಬನ ಮಗಳ ಪರೀಕ್ಷೆ ಹೇಗಾಯಿತು, ಇನ್ನೊಬ್ಬನ ಹೆಂಡತಿಯ ಸೊಂಟ ಹೇಗಿದೆ — ಎಲ್ಲ ವಿಚಾರಿಸಿ ಆಮೇಲೆ ಕರೆಂಟಿನ ಮಾತು. ಆರು ಗಂಟೆಗೆ ಅವಳ ಕೈಕೆಳಗಿನ ಹುಡುಗಿ ಅದನ್ನು ಪ್ರಸಾರದಲ್ಲಿ ಓದುತ್ತಾಳೆ. ಓದಿ ಮುಗಿಸುವಷ್ಟರಲ್ಲಿ ಒಬ್ಬ ಹೆಂಗಸಿನ ಫೋನ್. ಗಂಡನಿಗೆ ಆಕ್ಸಿಜನ್ ಮಷಿನ್ನು, ಕರೆಂಟು ಹೋಗುವ ಮೊದಲೇ ಅವನನ್ನು ಆಟೋದಲ್ಲಿ ತಮ್ಮನ ಮನೆಗೆ ಸಾಗಿಸಬೇಕು, ನಮ್ಮ ಬೀದಿ ಹತ್ತಕ್ಕೇ ತಾನೇ ಅಂತ. ಆ ಹೆಂಗಸು ದಿನಾ ಫೋನ್ ಮಾಡುತ್ತಾಳಂತೆ.

ನಾವು ಬಿಟ್ಟುಹೋದ ಮೇಲಿನ ವರ್ಷಗಳೆಲ್ಲ ತಂಗಿಯದೇ. ಯಾವ ಬೀಗವೂ ಇಲ್ಲ, ಕಿಟಕಿಯೂ ಇಲ್ಲ. ಆ ವರ್ಷಗಳ ನೆನಪು ಹೇಳಿ ಅಂತ ಅವಳನ್ನು ಯಾರೂ ಕೂರಿಸಿಲ್ಲ. ನಾನೂ ಕೇಳಿಲ್ಲ. ಅವಳು ಏನು ಮಾಡುತ್ತಾಳೆ ಅಂತ ಯಾರಾದರೂ ಕೇಳಿದರೆ ಸ್ಟೇಷನ್ ನೋಡಿಕೊಳ್ಳುತ್ತಾಳೆ ಅನ್ನುತ್ತಿದ್ದೆ, ಮನೆ ನೋಡಿಕೊಳ್ಳುತ್ತಾಳೆ ಅಂದಹಾಗೆ. ನಾಚಿಕೆಯಾಯಿತು.

ಮಾರ್ಚ್ 19

ನೋಟಿಸು ಬಂತು. ಮುಂದಿನ ವಿಚಾರಣೆ 28ಕ್ಕೆ. ಅಕ್ರಮ ಪ್ರಸಾರದ ಬಗ್ಗೆ ವಿವರಣೆ ಕೊಡಿ, ಇಲ್ಲದಿದ್ದರೆ ಲೈಸೆನ್ಸಿಲ್ಲ.

ಎಲ್ಲರೂ ಸ್ಟೇಷನ್ನಿನಲ್ಲಿ ಸೇರಿದ್ದೆವು. ಗುಡುಗಿನ ಕಣ್ಣಲ್ಲಿ ಬೆಳಕು. ಕೊಡದಿದ್ದರೆ ಕೊಡದಿರಲಿ, ದರ್ಜಿಯ ಮಗ ಈಗಲೂ ಆ ಕೋಣೆ ಕೊಡುತ್ತಾನೆ, ಮತ್ತೆ ಶುರುಮಾಡೋಣ, ನಾನು ಕೆಳಗೆ ಕೂರುತ್ತೇನೆ ಅಂದ. ಕೊನೆಗೂ ಕೆಳಗೆ ಕೂತಿದ್ದನ್ನು ಒಪ್ಪಿಕೊಂಡ ಮಹರಾಯ! ಡಿಸ್ಕ್ ಕೂಡ ಭುಜ ನೀವಿಕೊಂಡ. ನನಗೂ ಒಂದು ಗಳಿಗೆ ಮೈ ಬಿಸಿಯಾಯಿತು.

ತಂಗಿ ಕೂತಲ್ಲಿಂದಲೇ ಹೇಳಿದಳು. "ನಿಮಗೆ ಬೇಕಾಗಿರೋದು ಇನ್ನೊಂದು ನೆನಪು. ನನಗೆ ಬೇಕಾಗಿರೋದು ನಾಳೆ ಬೆಳಿಗ್ಗೆ ಆರು ಗಂಟೆ."

ವಕೀಲರ ದಾರಿ ಬೇರೆ. ಸಾಕ್ಷಿ ಇರುವುದು ಒಂದೇ, ನನ್ನ ಮಾತು. ವಯಸ್ಸಾದವಳು, ಅಭಿಮಾನದಿಂದ ಉಬ್ಬಿಸಿ ಹೇಳಿದೆ, ಅಂಥದ್ದೇನೂ ನಡೆದೇ ಇಲ್ಲ ಎಂದು ನಾನೇ ಹೇಳಿಬಿಟ್ಟರೆ ಉಳಿಯುವುದು ಏನೂ ಇಲ್ಲ. ತಂಗಿ ನನ್ನನ್ನು ಕೇಳಲಿಲ್ಲ. ಕೇಳುವುದೂ ಇಲ್ಲ, ನನಗೆ ಗೊತ್ತು. ಕಿಟಕಿ ಕಡೆ ತಿರುಗಿಕೊಂಡಿದ್ದಳು.

ಮಾರ್ಚ್ 23

ಗುಡುಗು ಮನೆಗೇ ಬಂದ. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಚಹಾ ಕೊಟ್ಟೆ, ಮುಟ್ಟಲಿಲ್ಲ. ದನಿ ಇಳಿಸಿ ಮಾತಾಡಿದ. ಅವನಿಗೆ ಆ ದನಿಯೂ ಇದೆ ಅಂತ ಗೊತ್ತಿರಲಿಲ್ಲ.

"ಸುದ್ದಿಯಮ್ಮ, ಇಡೀ ಜೀವನದಲ್ಲಿ ನಾನು ಮಾಡಿದ ಒಳ್ಳೆ ಕೆಲಸ ಅದೊಂದೇ. ಅದೂ ಪ್ಯಾಂಟಿನ ಅಳತೆ ಕೊಟ್ಟಿದ್ದು. ಅದನ್ನೂ ಇಲ್ಲ ಅಂತೀಯಾ?"

ಮಾಡಿದ್ದು ಮಾಡಿಯಾಯಿತು, ಮಕ್ಕಳು ಬದುಕಿದವು, ಯಾರು ಏನೆಂದರೂ ಅದು ಹೋಗುವುದಿಲ್ಲ ಅಂದೆ. ಅವನಿಗಾಗಿ ಹೇಳಿದ ಮಾತು. ನಾನೇ ನಂಬಿರಲಿಲ್ಲ. ಎದ್ದು ಹೋದ. ಚಪ್ಪಲಿ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ.

ಆಮೇಲೆ ಡಿಸ್ಕಿಗೆ ಫೋನ್ ಮಾಡಿ ಕೂಗಿ ಕೂಗಿ ವಿಷಯ ಹೇಳಿದೆ. ಹೇಳು ಹೇಳು, ನಡೆದಿಲ್ಲ ಅಂತಲೇ ಹೇಳು, ಈ ಭುಜಕ್ಕೆ ಮಾತ್ರ ನೀನೇ ಬಂದು ತಿಳಿಸಿಹೇಳು ಅಂತ ನಕ್ಕ. ನನಗೆ ನಗು ಬರಲಿಲ್ಲ.

ಎಲ್ಲರ ಮೇಲೂ ಸಿಟ್ಟು. ನಿಯಮ ಮಾಡಿದವರ ಮೇಲೆ. ವಕೀಲರ ಮೇಲೆ. ಒಂದು ಮಾತೂ ಬೈಯದ ತಂಗಿಯ ಮೇಲೆ. ಎರಡು ಉಸಿರು ಸುಮ್ಮನಿರಲಾರದ ಈ ನಾಲಿಗೆಯ ಮೇಲೆ ಎಲ್ಲಕ್ಕಿಂತ ಹೆಚ್ಚು.

ಮಾರ್ಚ್ 28

ಹೇಳಿದೆ.

ಅದೇ ಕೋಣೆ. ಗುಡುಗು ಬರಲಿಲ್ಲ. ಉಬ್ಬಿಸಿ ಹೇಳಿದೆ ಸರ್, ಅಂಥದ್ದೇನೂ ನಡೆದಿಲ್ಲ ಅಂದೆ. ಹಾಗಾದರೆ ಬೀಗ ಹಾಕಿದ್ದ ದಿನಗಳಲ್ಲಿ ಏನು ಮಾಡುತ್ತಿದ್ದಿರಿ ಎಂದರು. ಮನೆಯಲ್ಲಿದ್ದೆ ಅಂದೆ. ವಾರ್ತೆ ಓದುವ ದನಿಯಲ್ಲೇ ಬಂತು, ಏರಿಳಿತವಿಲ್ಲದೆ. ಬರೆದುಕೊಂಡರು.

ಆಮೇಲೆ ಪೆನ್ನಿನ ಕ್ಯಾಪು ಹಾಕಿದರು. ವಕೀಲರ ಕಡೆ ನೋಡಲಿಲ್ಲ, ತಂಗಿಯ ಕಡೆ ನೋಡಲಿಲ್ಲ.

"ನಾನಾಗ ಏಳನೇ ಕ್ಲಾಸು. ಟ್ಯಾಂಕಿನ ಹಿಂದಿನ ಬೀದೀಲಿ ಇದ್ವಿ. ಬೆಳಿಗ್ಗೆ ರೇಡಿಯೋ ಕೇಳಿದ್ದೇ ಅಮ್ಮ ತುಂಬಿಸಿಟ್ಟ ನೀರನ್ನೆಲ್ಲ ಚೆಲ್ಲಿಬಿಟ್ರು. ಪಕ್ಕದ ಮನೆಯವರು ಚೆಲ್ಲಲಿಲ್ಲ."

ನಾನು ಮೇಜಿನ ಅಂಚು ಹಿಡಿದುಕೊಂಡೆ.

"ಓದಿದ್ದು ಹೆಂಗಸಿನ ದನಿ" ಅಂದರು.

ಬಲೆಯೋ, ಋಣವೋ. ಮುಖ ನೋಡಿದರೆ ಗೊತ್ತಾಗಲಿಲ್ಲ. ಈಗಲೂ ಗೊತ್ತಾಗುತ್ತಿಲ್ಲ. ಹೌದು ಅನ್ನಲು ಬಾಯಿ ತೆರೆದಿತ್ತು. ಪಕ್ಕದಲ್ಲಿ ತಂಗಿಯ ಕೈಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು.

"ಬೇರೆ ಯಾವುದೋ ಸ್ಟೇಷನ್ ಇರಬೇಕು ಸರ್."

"ಇರಬೇಕು" ಅಂದರು. ಕ್ಯಾಪು ತೆಗೆದು ಅದನ್ನೂ ಬರೆದುಕೊಂಡರು.

ಪಕ್ಕದ ಮನೆಯವರಿಗೆ ಏನಾಯಿತು ಅಂತ ಕೇಳಬೇಕಿತ್ತು. ಬೇರೆ ಸ್ಟೇಷನ್ ಅಂದ ಮೇಲೆ ಯಾವ ಬಾಯಲ್ಲಿ ಕೇಳಲಿ? ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮಂಡಿ ನೋವು ಅಂದೆ. ತಂಗಿ ಪಕ್ಕದಲ್ಲೇ ಕೂತಳು, ನನ್ನ ಕೈಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಏಪ್ರಿಲ್ 21

ರಿನ್ಯೂ ಆಗಿದೆ. ತಂಗಿ ಫೋನಿನಲ್ಲಿ ಹೇಳಿದಳು. ಹೇಳಿ, ಲೈನ್‌ಮನ್ ಕಾಯುತ್ತಿದ್ದಾನೆ ಅಂತ ಇಟ್ಟಳು.

ಗುಡುಗು ಬೀದಿಯಲ್ಲಿ ಎದುರಾದರೆ ಆ ಕಡೆ ದಾಟುತ್ತಾನೆ. ದಾಟಲಿ.

ಮೇ 2, ಮಧ್ಯಾಹ್ನ

ನಾಳೆ ನನ್ನ ನೆನಪುಗಳ ರೆಕಾರ್ಡಿಂಗು. ಎರಡನೇ ಸಲ. ಐದು ನಿಮಿಷ ಸಾಕು ಅಕ್ಕ, ಬರೆದುಕೊಂಡೇ ಬಾ ಅಂದಿದ್ದಾಳೆ. ಯಾಕೆ ಬರೆದುಕೊಂಡು ಬರಬೇಕು ಅಂತ ಇಬ್ಬರಿಗೂ ಗೊತ್ತು. ಅವಳೂ ತನ್ನ ವರ್ಷಗಳ ಬಗ್ಗೆ ಮಾತಾಡಬೇಕು, ಇಲ್ಲದಿದ್ದರೆ ನಾನು ಬರುವುದಿಲ್ಲ ಅಂತ ಹಠ ಹಿಡಿದೆ. ಒಪ್ಪಿದಳು, ಗೊಣಗಿಕೊಂಡೇ.

ಬೆಳಿಗ್ಗೆಯಿಂದ ಕೂತಿದ್ದೇನೆ. ನಾಲ್ಕು ಸಲ ಹರಿದೆ. ಐದು ನಿಮಿಷಕ್ಕೆ ಸಾಲುವಷ್ಟು ಬೇರೆ ಏನಿದೆ ನನ್ನ ಹತ್ತಿರ? ಇಷ್ಟಾಗಿದೆ —

ಕೇಳುಗರಿಗೆ ನಮಸ್ಕಾರ. ನಾನು ಇಲ್ಲಿ ಸುದ್ದಿ ಓದುತ್ತಿದ್ದೆ. ಬಸ್ಸಿನ ವೇಳೆ ಓದುತ್ತಿದ್ದೆ. ಹವಾಮಾನ ಓದುತ್ತಿದ್ದೆ, ಹೆಚ್ಚಾಗಿ ತಪ್ಪೇ ಇರುತ್ತಿತ್ತು, ಯಾರೂ ಬೈಯಲಿಲ್ಲ. ಮಕ್ಕಳು ಕಳೆದುಹೋದರೆ ಓದುತ್ತಿದ್ದೆ, ಸಿಕ್ಕರೆ ಓದುತ್ತಿದ್ದೆ. ಒಂದು ಸಲ ಟ್ಯಾಂಕಿನ ನೀ—